ತಗಡಿನ ಮೇಲಿನ ಹೆಸರು

ನಾವು ಓದುತ್ತಿದ್ದ ಕಾಲಕ್ಕೆ ಶುಕ್ರವಾರದ ಕಡೆಯ ಪಿರಿಯಡ್ಡು ನೀತಿಪಾಠಕ್ಕೆ ಮೀಸಲು. ಅದಕ್ಕೆ ಪುಸ್ತಕವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಅಜ್ಜಂಪುರದಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ ಚಂದ್ರಶೇಖರಯ್ಯ ಮೇಷ್ಟ್ರು ನಮ್ಮನ್ನು ಹುಣಸೆಮರದ ಕೆಳಗೆ ಕೂರಿಸಿ ಕಥೆ ಹೇಳುತ್ತಿದ್ದರು. ಗಾಳಿ ಬೀಸಿದಾಗ ಹುಣಸೆಹಣ್ಣು ಉದುರುತ್ತಿತ್ತು. ಕಥೆಗೆ ಹೂಂಗುಟ್ಟುತ್ತಲೇ ಅದನ್ನು ಮೆಲ್ಲಗೆ ಲಂಗದ ಕೆಳಗೆ ಎಳೆದುಕೊಳ್ಳುತ್ತಿದ್ದೆವು. ಆ ಕಥೆಗಳಲ್ಲಿ ಒಂದೂ ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ನಾನು ಆರನೇ ತರಗತಿಯಲ್ಲಿದ್ದಾಗಿನ ಬೇಸಿಗೆ.

ನಮ್ಮೂರು ಬುಕ್ಕಾಂಬುಧಿಗೆ ಹತ್ತಿರದ ಸಣ್ಣ ಹಳ್ಳಿ. ಆ ವರ್ಷ ಮೇಷ್ಟ್ರಿಗೆ ಶಾಲೆಯ ಹಿಂದಿನ ಬಯಲಿನಲ್ಲಿ ತೆಂಗು ಬೆಳೆಸುವ ಆಸೆ ಹುಟ್ಟಿತು. ನಮ್ಮದು ತೆಂಗಿನ ತೋಟವಾದ್ದರಿಂದ ಸಂಕ್ರಾಂತಿ ಕಳೆದ ಮೇಲೆ ಅಪ್ಪನನ್ನು ಸಸಿ ಕೇಳಲು ಮನೆಗೆ ಬಂದರು. ಜಗಲಿಯ ತುಂಬ ಒಣಕೊಬ್ಬರಿಯ ವಾಸನೆ. ಅಪ್ಪ ಕಾಫಿ ಕೊಡಿಸಿ, "ಮುಂಗಾರಿಗೆ ನೆಟ್ರೆ ಒಳ್ಳೇದಲ್ವಾ ಮೇಷ್ಟ್ರೇ? ಈಗ ನೆಟ್ರೆ ದಿನಾ ನೀರು ಹೊರಬೇಕಾಯ್ತದೆ" ಎಂದರು.

"ಮಳೆಗಾಲದಲ್ಲಿ ನೆಟ್ಟರೆ ಮಳೆ ನೋಡ್ಕೊಳ್ಳುತ್ತೆ. ಮಕ್ಕಳು ನೋಡ್ಕೊಳ್ಳೋದನ್ನ ಕಲೀಲಿ ಅಂತ" ಎಂದರು ಮೇಷ್ಟ್ರು.

ಅಪ್ಪ ಇಪ್ಪತ್ತೆರಡು ಸಸಿ ಗಾಡಿಯಲ್ಲಿ ಹೇರಿ ಕಳಿಸಿದರು. ನಮ್ಮ ತರಗತಿಯ ಒಬ್ಬೊಬ್ಬರಿಗೂ ಒಂದೊಂದು ಸಸಿ. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಣ್ಣದಲ್ಲಿ ನಮ್ಮ ಹೆಸರು ಬರೆದು, ಗೂಟಕ್ಕೆ ಮೊಳೆ ಹೊಡೆದು ಸಸಿಗಳ ಪಕ್ಕದಲ್ಲಿ ನೆಟ್ಟರು. ಲತಾ ಎಂಬ ನನ್ನ ಹೆಸರಿನ ಪಕ್ಕದ್ದೇ ಹಾಲಮ್ಮನ ತಗಡು. ಹಾಲಮ್ಮ ನನ್ನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಅವಳ ಮನೆಯವರಿಗೆ ಕೆರೆ ಏರಿಯ ಆಚೆ ಮಳೆ ನಂಬಿದ ಎರಡೆಕರೆ ಬೆದ್ದಲು. ತಲೆಗೆ ಸದಾ ಹರಳೆಣ್ಣೆ, ಬಾಯಲ್ಲಿ ಮಾತು ಕಡಿಮೆ. ಅಜ್ಜಿಯ ಹೆಸರು ಇಟ್ಟಿದ್ದಾರೆಂದು ನಾವು ಅವಳನ್ನು ಸುಮ್ಮಸುಮ್ಮನೆ ರೇಗಿಸುತ್ತಿದ್ದೆವು.

ದಿನಕ್ಕೆ ಎರಡು ಕೊಡ ನೀರು ಬೋರಿಂಗಿನಿಂದ ಹೊತ್ತು ಹಾಕಬೇಕು. ಶುಕ್ರವಾರ ಒಬ್ಬೊಬ್ಬರೇ ಎದ್ದು ನಿಂತು ಹಾಕಿದ್ದೇವೋ ಇಲ್ಲವೋ ಹೇಳಬೇಕು. "ನಾನು ಹೋಗಿ ನೋಡಲ್ಲ. ನೀವು ಹೇಳಿದ್ದನ್ನ ನಂಬ್ತೀನಿ" ಎಂದಿದ್ದರು ಮೇಷ್ಟ್ರು.

ಮೂರು ವಾರ ನಾನೂ ಹೊತ್ತೆ. ಬೋರಿಂಗಿನ ಹಿಡಿ ಒತ್ತಿ ಒತ್ತಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅತ್ತ ಹುಣಸೆಮರದ ನೆರಳಲ್ಲಿ ಏಳನೇ ತರಗತಿಯ ಹುಡುಗಿಯರು ಗಜ್ಜುಗ ಆಡುತ್ತಿದ್ದರು. ಉಪ್ಪು ಖಾರ ಹಚ್ಚಿದ ಹುಣಸೆಹಣ್ಣನ್ನು ಕಡ್ಡಿಗೆ ಸಿಕ್ಕಿಸಿ ಚೀಪುತ್ತಿದ್ದರು. ಎರಡು ಕೊಡ ಒಂದಾಯಿತು. ಒಂದು ಅರ್ಧವಾಯಿತು. ಆಮೇಲೆ ಅದೂ ನಿಂತಿತು. ಶುಕ್ರವಾರ ಮಾತ್ರ ಎದ್ದು ನಿಂತು, "ಹಾಕಿದೀನಿ ಸಾರ್" ಎನ್ನುತ್ತಿದ್ದೆ. ಮೊದಲ ಸಲ ಹೇಳುವಾಗ ಎದೆ ಹೊಡೆದುಕೊಂಡಿತು. ಮೂರನೆಯ ಸಲಕ್ಕೆ ಏನೂ ಅನ್ನಿಸಲಿಲ್ಲ.

ಹಾಲಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಗೆದ್ದಲು ಹತ್ತಬಾರದೆಂದು ಮನೆಯಿಂದ ಒಲೆಬೂದಿ ತಂದು ಬುಡಕ್ಕೆ ಹಾಕುತ್ತಿದ್ದಳು.

ಹೊಂಗೆ ಹೂ ಬಿಡುವ ಹೊತ್ತಿಗೆ ನನ್ನ ಸಸಿಯ ಸುಳಿ ಒಣಗಿತು. ಎಳೆದರೆ ಕೈಗೇ ಬಂತು. ನೋಡಲ್ಲ ಎಂದಿದ್ದ ಮೇಷ್ಟ್ರು ಆ ಶುಕ್ರವಾರವೇ, "ಸೋಮವಾರ ಎಲ್ಲ ಸೇರಿ ಸಸಿ ನೋಡಕ್ಕೆ ಹೋಗೋಣ" ಎಂದುಬಿಟ್ಟರು. ನನಗೆ ಏಟಿನ ಭಯಕ್ಕಿಂತ ನಾಚಿಕೆಯ ಭಯ ಹೆಚ್ಚಾಯಿತು. ತೆಂಗಿನ ತೋಟದವರ ಮಗಳು, ಅಪ್ಪನೇ ಕೊಟ್ಟ ಸಸಿಯನ್ನು ಒಣಗಿಸಿದಳು ಎಂದು ಊರೆಲ್ಲ ಆಡಿಕೊಳ್ಳುವುದು ಕಿವಿಗೆ ಕೇಳಿಸಿದಂತಾಯಿತು. ಶನಿವಾರ ಬೆಳಗಿನ ಶಾಲೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬಳೇ ಹಿಂದಕ್ಕೆ ಬಂದೆ. ನನ್ನ ಹೆಸರಿನದು, ಹಾಲಮ್ಮನ ಹೆಸರಿನದು, ಎರಡೂ ಗೂಟ ಕಿತ್ತು ಅದಲು ಬದಲು ಮಾಡಿ ನೆಟ್ಟೆ. ಕಲ್ಲಿನಿಂದ ಕುಟ್ಟಿ ಗಟ್ಟಿ ಮಾಡಿದೆ. ಅಷ್ಟು ಸುಲಭವಾಗಿತ್ತು.

ಸೋಮವಾರ ಮೇಷ್ಟ್ರು ಸಾಲಿನುದ್ದಕ್ಕೂ ನಡೆದು ಬಂದು ಒಣಗಿದ ಸಸಿಯ ಮುಂದೆ ನಿಂತರು. ಹಾಲಮ್ಮನನ್ನು ಕರೆದರು.

"ದಿನಾ ನೀರು ಹಾಕಿದೀನಿ ಅಂದ್ಯಲ್ಲಮ್ಮ?"

ಅವಳು ತಗಡು ನೋಡಿದಳು, ಸಸಿ ನೋಡಿದಳು. "ಇದು ನಂದಲ್ಲ ಸಾ. ನಂದು ಆ ಪಕ್ಕದ್ದು."

"ಏನು ಬರೆದಿದೆ ಓದು."

ಅವಳು ತುಟಿಯಷ್ಟೇ ಅಲುಗಿಸಿದಳು.

"ಜೋರಾಗಿ ಓದು."

"ಹಾಲಮ್ಮ" ಎಂದು ತನ್ನ ಹೆಸರನ್ನು ತಾನೇ ಓದಿದಳು.

"ಸಸಿ ಒಣಗಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ" ಎಂದು ಮೇಷ್ಟ್ರು ಅವಳ ಅಂಗೈಗೆ ಹುಣಸೆ ಬರಲಿನಿಂದ ಎರಡು ಬಿಟ್ಟರು. ಹಾಲಮ್ಮ ಅಳಲಿಲ್ಲ. ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಪಕ್ಕದ ಸಸಿಯ ಮುಂದೆ ಮೇಷ್ಟ್ರು, "ನೋಡ್ರೋ, ತೋಟದವರ ಮಗಳು ಅಂದ್ರೆ ಹೀಗೆ" ಎಂದು ನನ್ನ ಬೆನ್ನು ತಟ್ಟಿದರು.

ಮರುದಿನ ಮಧ್ಯಾಹ್ನ ನೋಡಿದರೆ ಹಾಲಮ್ಮ ಆ ಹಸಿರು ಸಸಿಗೆ, ನನ್ನ ಹೆಸರಿದ್ದದ್ದಕ್ಕೆ, ನೀರು ಹಾಕುತ್ತಿದ್ದಳು. ಬಾಸುಂಡೆ ಬಂದ ಕೈಯಲ್ಲಿ ಹಿಡಿಯಲಾಗದೆ ಕೊಡವನ್ನು ಸೊಂಟದ ಮೇಲೆ ಬಗ್ಗಿಸಿ ಸುರಿಯುತ್ತಿದ್ದಳು. ನಾನು ಹತ್ತಿರ ಹೋಗಿ, "ಯಾಕೆ ಹಾಕ್ತೀಯ ಅದಕ್ಕೆ?" ಎಂದೆ.

"ಹೆಸ್ರು ಬದ್ಲಾಗಿರೋದು ಅದಕ್ಕೇನು ಗೊತ್ತೈತೆ ಕಣೇ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಬೋರಿಂಗಿನ ಕಡೆ ಹೋದಳು.

ಆ ಸಂಜೆ ಮುದ್ದೆ ಹುರುಳಿಸಾರನ್ನು ತಟ್ಟೆಯಲ್ಲೇ ಬಿಟ್ಟೆ. ಅವ್ವ ಹಣೆ ಮುಟ್ಟಿ ನೋಡಿದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಆಗಿದ್ದು ಆಗೋಯ್ತು. ಆ ಹುಡ್ಗಿಗೆ ಇನ್ನೊಂದು ಸಸಿ ಕೊಟ್ರಾಯ್ತು ಬಿಡು" ಎಂದರು.

ಅವ್ವ, "ಅವಳೇನು ಸಸಿ ಕಳ್ಕೊಂಡಿದ್ದಾಳಾ?" ಎಂದು ಕೇಳಿದಳು. ಅಪ್ಪ ಮುದ್ದೆ ಮುರಿದುಕೊಂಡರು. ಅವ್ವ ನನ್ನ ಕಡೆ ತಿರುಗಿ, "ನಾಳೆ ಹೋಗಿ ಮೇಷ್ಟ್ರಿಗೆ ಹೇಳು. ನಾನು ಜತೆಗೆ ಬರಲ್ಲ" ಎಂದಳು.

ಮರುದಿನ ಪ್ರಾರ್ಥನೆಗೆ ಮೊದಲೇ ಹೋಗಿ ಹೇಳಿದೆ. ಮೇಷ್ಟ್ರು ಸೈಕಲ್ಲಿಗೆ ಬೀಗ ಹಾಕುತ್ತಿದ್ದರು. ಕೇಳಿ, ಹಾಗೇ ನಿಂತುಬಿಟ್ಟರು. ಬೈಯುತ್ತಾರೆಂದು ಕಾದೆ. "ಎರಡು ಏಟು ಹಾಕಿದೆ ಅಲ್ವಾ ಅವಳಿಗೆ" ಎಂದಷ್ಟೇ ಕೇಳಿದರು. ಅದು ನನ್ನನ್ನು ಕೇಳಿದ್ದಾಗಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಮೇಷ್ಟ್ರು ಯಾರನ್ನೂ ತರಗತಿಗೆ ಬಿಡಲಿಲ್ಲ. ಹಾಲಮ್ಮನನ್ನು ಮುಂದೆ ಕರೆದರು. ಇನ್ನೂ ಏಟು ಬೀಳುತ್ತದೆಂದುಕೊಂಡು ಅವಳು ಕೈ ಹಿಂದೆ ಕಟ್ಟಿಕೊಂಡು ಬಂದಳು.

"ಮೊನ್ನೆ ಈ ಮಗು ನಿಜ ಹೇಳಿತ್ತು" ಎಂದರು ಮೇಷ್ಟ್ರು. ಅವರ ದನಿ ಎಂದಿನಂತಿರಲಿಲ್ಲ. "ನಾನು ತಗಡು ಓದಿದೆ, ಅವಳ ಮಾತು ಕೇಳಲಿಲ್ಲ. ಎಲ್ಲರ ಮುಂದೆ ಹೊಡೆದೆ. ಅದಕ್ಕೆ ಎಲ್ಲರ ಮುಂದೆ ಹೇಳ್ತಿದೀನಿ, ತಪ್ಪು ನಂದು." ಅಷ್ಟು ಹೇಳಿ ಹನ್ನೊಂದು ವರ್ಷದ ಹುಡುಗಿಗೆ ಕೈ ಮುಗಿದರು. ಪಕ್ಕದಲ್ಲಿದ್ದ ಹೆಡ್ಮಾಸ್ಟರು ಇರುಸುಮುರುಸಿನಿಂದ ನೆಲ ನೋಡುತ್ತಿದ್ದರು.

ಆಮೇಲೆ ಮೇಷ್ಟ್ರು, "ತಗಡು ಬದಲಾಯಿಸಿದವರು ತಾವಾಗೇ ಬಂದು ನನಗೆ ಹೇಳಿದಾರೆ. ಅವರ ಹೆಸರು ನಾನು ಹೇಳಲ್ಲ" ಎಂದರು.

ನಾನು ಅಲ್ಲೇ ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾಲು ಬಿಟ್ಟು ಮುಂದೆ ಹೋಗಿ ಹಾಲಮ್ಮನ ಪಕ್ಕ ನಿಂತು, "ನಾನು" ಎಂದೆ. ಮುಂದೆ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಹರಳೆಣ್ಣೆಯ ವಾಸನೆ ಬಂತು. ನೋಡಿದರೆ ಹಾಲಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ಸಂಜೆ ಒಟ್ಟಿಗೆ ಕೆರೆ ಏರಿಯವರೆಗೆ ನಡೆದೆವು. "ಹೊಡ್ದಾಗ ಅಳು ಬರ್ಲಿಲ್ಲ ಕಣೇ, ಮೇಷ್ಟ್ರು ಕೈ ಮುಗಿದ್ರಲ್ಲ, ಆಗ ಬಂದ್ಬಿಡ್ತು" ಎಂದಳು. ನಾನು ಕ್ಷಮಿಸು ಎನ್ನಲಿಲ್ಲ. ನಮ್ಮ ಊರಲ್ಲಿ ಮಕ್ಕಳು ಆ ಮಾತು ಆಡುತ್ತಿರಲಿಲ್ಲ. ಬೇಸಿಗೆ ರಜೆಯಲ್ಲೂ ಇಬ್ಬರೂ ಸೇರಿ ನೀರು ಹೊತ್ತೆವು.

ಮೇಷ್ಟ್ರು ಆಮೇಲೆ ಹುಣಸೆ ಬರಲನ್ನು ಬಿಸಾಡಿದರು ಎಂದೇನೂ ಇಲ್ಲ. ಮಗ್ಗಿ ತಪ್ಪಿದವರಿಗೆ ಬೀಳುವುದು ಬಿದ್ದೇ ಬಿತ್ತು. ಆದರೆ ಹೊಡೆಯುವ ಮೊದಲು, "ನೀನೇನು ಹೇಳ್ತೀಯ?" ಎಂದು ಕೇಳತೊಡಗಿದ್ದರು. ಮುಂದಿನ ವರ್ಷ ತರೀಕೆರೆ ಕಡೆಗೆ ವರ್ಗವಾಗಿ ಹೋದರು. ಹಾಲಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟಳು.

ನಾನು ಈಗ ಕಡೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಮ್ಮ ವೇಳಾಪಟ್ಟಿಯಲ್ಲಿ ಮೌಲ್ಯಶಿಕ್ಷಣ ಎಂಬ ಪಿರಿಯಡ್ಡಿದೆ. ಅದಕ್ಕೆ ಅಂದದ ಪುಸ್ತಕವಿದೆ, ಪಾಠದ ಕೊನೆಗೆ ಪ್ರಶ್ನೆಗಳಿವೆ. ಸತ್ಯ ನುಡಿಯುವುದರಿಂದ ಆಗುವ ಪ್ರಯೋಜನಗಳನ್ನು ಮಕ್ಕಳು ಐದು ವಾಕ್ಯಗಳಲ್ಲಿ ಚೆನ್ನಾಗಿ ಬರೆಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಆ ಪಿರಿಯಡ್ಡನ್ನು ಗಣಿತಕ್ಕೆ ಕೊಡುತ್ತಾರೆ. ಕೇಳಿ ಪಡೆಯುವವಳು ನಾನೇ.

ಹೋದ ವರ್ಷ ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಎರಡು ಉತ್ತರಪತ್ರಿಕೆ ಒಂದೇ ತರ ಇದ್ದವು. ಒಂದು ಪತ್ರಿಕೆ ತರಗತಿಗೆ ಮೊದಲು ಬರುವ ಹುಡುಗನದು, ಇನ್ನೊಂದು ಹಿಂದಿನ ಬೆಂಚಿನ ಹುಡುಗಿಯದು. ನಾನು ಯೋಚಿಸಲೂ ಇಲ್ಲ. ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ಪತ್ರಿಕೆ ಹರಿದೆ. "ನಾನು ನೋಡಿ ಬರೆದಿಲ್ಲ ಮಿಸ್" ಎಂದಳು. ನಾಲ್ಕು ದಿನದ ನಂತರ ಆ ಹುಡುಗನೇ ಅಳುತ್ತ ಬಂದು, ನೋಡಿ ಬರೆದವನು ತಾನೆಂದು ಒಪ್ಪಿಕೊಂಡ.

ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದೆ. ಬಾಗಿಲು ಹಾಕಿ, "ನನ್ನಿಂದ ತಪ್ಪಾಯ್ತು ಕಣಮ್ಮ" ಎಂದೆ. ಅಂಕ ತಿದ್ದಿದೆ.

"ಕ್ಲಾಸಲ್ಲಿ ಹೇಳ್ತೀರಾ ಮಿಸ್?" ಎಂದು ಕೇಳಿದಳು.

"ನೋಡೋಣ" ಎಂದೆ.

ಹುಡುಗನ ಮನೆಯವರು ಏನೆಂದುಕೊಳ್ಳುತ್ತಾರೋ, ಪರೀಕ್ಷೆ ಮುಗಿಯಲಿ, ಅವನ ಓದು ಕೆಡಬಾರದು ಎಂದು ದಿನ ತಳ್ಳಿದೆ. ಅವನ ಹೆಸರು ಎತ್ತದೆಯೂ ನನ್ನ ತಪ್ಪು ಹೇಳಬಹುದಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆ ಮುಗಿಯಿತು. ಹುಡುಗಿ ಪಾಸಾಗಿ ಟಿಸಿ ತೆಗೆದುಕೊಂಡು ಹೋದಳು. ಜತೆಗೆ ಓದಿದವರ ಪಾಲಿಗೆ ಅವಳು ಇಂದಿಗೂ ನೋಡಿ ಬರೆದವಳೇ.