ಮುತುರಾ ಸಾಲಿನ ಮೊದಲ ಒಡತಿ

ಮೇಕೆಯ ಕರುಳಿಗೆ ಕೊಚ್ಚಿದ ಮಾಂಸ, ರಕ್ತ ತುಂಬಿ ಬೇಯಿಸಿ ಕೆಂಡದ ಮೇಲೆ ಸುಡುವ ಮುತುರಾ ನೈರೋಬಿಯ ಸಂಜೆಗಳ ಪ್ರಾಣವಾದರೆ, ಆ ಊರಿನ ಕವಾಂಗ್ವಾರೆ ಬಡಾವಣೆಯ ಮುತುರಾ ಅಂಗಡಿಗಳ ಸಾಲಿನ ಪ್ರಾಣ ಶ್ರೀಮತಿ ಗಥೋನಿಯವರು. ಇಪ್ಪತ್ತೆಂಟು ವರ್ಷ ಅಲ್ಲಿ ಒಲೆ ಹೂಡಿ ಈಗ ನಿವೃತ್ತರಾಗಿರುವ ಅವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಕೈಯಲ್ಲಿ ಪಳಗಿದ ನನಗೆ ಒದಗಿದೆ.

ನಮ್ಮ ಗಿಕುಯು ಜನರಲ್ಲಿ ಕರುಳು ತೊಳೆಯುವುದು ಹೆಂಗಸರ ಪಾಲು. ತುಂಬುವುದು, ಸುಡುವುದು, ಕೊಯ್ಯುವ ಹಲಗೆಯ ಸುತ್ತ ನಿಂತು ತಿನ್ನುವುದು ಗಂಡಸರ ಪಾಲು. ಗಥೋನಿಯವರ ಮನೆಯಲ್ಲಿ ಈ ಕಟ್ಟಳೆ ಗುಟ್ಟಾಗಿ ಮುರಿದಿತ್ತು. ಅವರ ತಮ್ಮ ಗಿಚೂಹಿಗೆ ತುಂಬುವ ಹದವೇ ಬರಲಿಲ್ಲ. ದಪ್ಪಗೆ ಕಾಣಲೆಂದು ಬಿಗಿಯಾಗಿ ತುಂಬಿ, ಬೇಯಿಸುವ ಪಾತ್ರೆಯಲ್ಲೇ ಕರುಳು ಒಡೆಸಿಬಿಡುತ್ತಿದ್ದ. ಹಾಗಾಗಿ ಅಕ್ಕ ಬಾಗಿಲು ಹಾಕಿಕೊಂಡು ತುಂಬಿ ಕಟ್ಟಿಕೊಡುವುದು, ತಮ್ಮ ಸಾಲಿನ ತನ್ನ ಒಲೆಯಲ್ಲಿ ಸುಟ್ಟು ಮಾರಿ ಹೊಗಳಿಸಿಕೊಳ್ಳುವುದು ಐದು ವರ್ಷ ನಡೆಯಿತು.

ಗಿಚೂಹಿಗೆ ಊರ ಜನರನ್ನು ಸಾಗಿಸುವ ಮತಾಟು ವ್ಯಾನು ಓಡಿಸುವ ಕೆಲಸ ಸಿಕ್ಕಾಗ ಗಥೋನಿಯವರು ತಾವೇ ಹೋಗಿ ಅವನ ಒಲೆಯ ಮುಂದೆ ನಿಂತರು. ಸಾಲಿಗೆ ಸಾಲೇ ಹೌಹಾರಿತು. ಸಾಲಿನ ವ್ಯಾಪಾರಿಗಳ ಸಂಘದ ಹಿರಿಯರಾದ ಕರಂಜಾ ಅವರು ಗಡುವು ಕೊಟ್ಟರು: "ಶನಿವಾರದೊಳಗೆ ಒಬ್ಬ ಗಂಡಸಾದ್ರೂ ನಿನ್ನ ಕೈಯಿಂದ ತಿಂದ್ರೆ ಸರಿ. ಇಲ್ದಿದ್ರೆ ಜಾಗ ಖಾಲಿ ಮಾಡಮ್ಮ."

ಯಾರೂ ಹತ್ತಿರ ಸುಳಿಯಲಿಲ್ಲ. ಶನಿವಾರ ಹೊತ್ತು ಇಳಿಯುವಾಗ ಗಿಚೂಹಿ ವ್ಯಾನು ನಿಲ್ಲಿಸಿ ಬಂದ.

"ಏನಕ್ಕ, ನೊಣ ಹೊಡೀತಾ ಇದೀಯಾ?"

"ಹೂಂ ಕಣೋ. ಇವರಿಗೆಲ್ಲ ನಿನ್ನ ಕೈರುಚಿನೇ ಬೇಕಂತೆ."

"ಮತ್ತೆ? ಅದು ಇನ್ಯಾರಿಗೆ ಬರುತ್ತೆ?" ಎಂದರು ಗಡುವು ಮುಗಿಸಲು ಬಂದಿದ್ದ ಕರಂಜಾ.

ಸುಮ್ಮನಿದ್ದಿದ್ದರೆ ಗಿಚೂಹಿಯ ಹೆಸರು ಉಳಿಯುತ್ತಿತ್ತು, ಅಕ್ಕನ ಒಲೆ ಆರುತ್ತಿತ್ತು. ಅವನು ಟೋಪಿ ತೆಗೆದು ಹೇಳಿದ: "ಅಜ್ಜ, ನಾನು ಬರೀ ಸುಟ್ಟು ಕೊಯ್ದು ಕೊಡ್ತಿದ್ದೆ. ತುಂಬ್ತಾ ಇದ್ದೋಳು ಅಕ್ಕ. ಐದು ವರ್ಷದಿಂದ ನೀವು ಬೆರಳು ಚೀಪಿದ್ದು ಇವಳ ಕೈರುಚಿಗೇ."

ಕರಂಜಾ ಅವರು ಹಲಗೆಯ ಹತ್ತಿರ ಬಂದರು. ಆಮೇಲೆ ಕೈ ಚಾಚಿದರು.

"ಹಾಗಾದ್ರೆ ಕೆಡೋದು ಆಗ್ಲೇ ಕೆಟ್ಟಾಯ್ತು. ಕೊಯ್ಯಮ್ಮ. ಆ ಉಪ್ಪು ಈ ಕಡೆ ತಳ್ಳು."

ಅಂದು ಕತ್ತಲಾಗುವ ಮೊದಲೇ ಹಲಗೆ ಬರಿದಾಯಿತು.

ಎಂಟು ವರ್ಷದ ನಂತರ, ಹೋಟೆಲಿನ ಕೆಲಸ ಕಳೆದುಕೊಂಡ ನಾನು ಅವರ ಬಳಿ ಸೇರಿದೆ. ಮೊದಲ ದಿನವೇ ಬಿಗಿಯಾಗಿ ತುಂಬಿ ಪಾತ್ರೆಯಲ್ಲಿದ್ದ ಕರುಳನ್ನೆಲ್ಲ ಒಡೆಸಿ ಅಳುತ್ತ ನಿಂತೆ. "ಹೊಟ್ಟೆ ತುಂಬಿದ್ರೂ ಉಸಿರಾಡೋಕೆ ಜಾಗ ಬೇಡ್ವೇನೇ ನ್ಯಾಂಬುರಾ?" ಎಂದು ಅವರು ನಕ್ಕು, ಆ ಒಡೆದ ಚೂರುಗಳನ್ನೇ ನನ್ನ ಜೊತೆ ಕೂತು ಮಧ್ಯಾಹ್ನಕ್ಕೆ ಉಂಡರು. ಅವರ ಆ ಋಣ ನನ್ನ ಮೇಲಿದೆ. ಈಗ ಸಾಲಿನಲ್ಲಿ ಹದಿನಾಲ್ಕು ಒಲೆಗಳಿವೆ, ಒಂಬತ್ತು ಹೆಂಗಸರವು. ಒಂಬತ್ತೂ ಅವರು ಹೊತ್ತಿಸಿಕೊಟ್ಟವು.

ನಿವೃತ್ತರಾದ ಮರುದಿನವೇ ಅವರು ಗಿರಾಕಿಯಾಗಿ ನನ್ನ ಹಲಗೆಗೆ ಬಂದರು. ತಿನ್ನುತ್ತಿದ್ದ ಗಂಡಸರೆಲ್ಲ ಹೇಳಿಸಿಕೊಳ್ಳದೆ ಸರಿದು, ನಡುವೆ ಜಾಗ ಬಿಟ್ಟರು. ಒಂದು ತುಂಡು ಬಾಯಿಗಿಟ್ಟು, "ಈರುಳ್ಳಿ ಸಾಲ್ದು ಕಣೇ" ಎಂದು ಎಲ್ಲರೆದುರೇ ಬೈದರು. ಮಾನ್ಯ ಗಥೋನಿಯವರು ನೂರು ವರ್ಷ ಬಾಳಲಿ. ದಿನಾ ಸಂಜೆ ಆ ಗಂಡಸರ ನಡುವೆ ನಿಂತು, ಮೊದಲ ತುಂಡು ತಾವು ತಿಂದು, ನಮ್ಮೆಲ್ಲರನ್ನೂ ಹೀಗೇ ಬೈಯುತ್ತಿರಲಿ.