ಅಂಗೈ ಕಾಣದಷ್ಟು ಹಸಿರು

ಹನಗೋಡಿನ ಹೊರಗೆ, ಲಕ್ಷ್ಮಣತೀರ್ಥ ನದಿಯ ಕಾಲುವೆ ಪಕ್ಕದ ಮೀನುಮರಿ ಕೊಳದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ರುದ್ರಸ್ವಾಮಿ ದಡದಲ್ಲಿ ಮಂಡಿಯೂರಿ ಬಲಗೈಯನ್ನು ಮೊಣಕೈವರೆಗೆ ನೀರಿಗೆ ಇಳಿಸುತ್ತಾರೆ. ಅಂಗೈ ಕಾಣುವುದಿಲ್ಲ. ಹಾಗಾದರೆ ನೀರು ಹದಕ್ಕೆ ಬಂದಿದೆ, ಮನೆಗೆ ಹೋಗಬಹುದು. ಅವರು ಮೇಲೇಳುವುದಿಲ್ಲ.

"ಮಲ್ಲಿ, ನೀನೊಂದ್ಸಲ ಕೈ ಬುಡು."

ಹೆಂಡತಿ ಪುಟ್ಟಮಲ್ಲಮ್ಮ ಸಗಣಿ ತುಂಬಿದ ಬಿದಿರ ಮಂಕರಿ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಅದೇ ಜಾಗದಲ್ಲಿ ಕೈ ಇಳಿಸುತ್ತಾರೆ.

"ಚೆನ್ನಾಗಿ ಕಾಣ್ತದೆ ಕಣ್ರೀ. ಗೆರೆ ಎಣಿಸ್ಲಾ?"

"ಬ್ಯಾಡ ಬುಡು. ಇನ್ನೂ ಎಂಟು ಮಂಕರಿ ಓರ್ಬೇಕು ಅನ್ನು."

ರುದ್ರಸ್ವಾಮಿ ಸೊಂಟ ಹಿಡಿದುಕೊಂಡು ಏಳುತ್ತಾರೆ. ಇದು 1958ರ ಜುಲೈ. ಕಲ್ಕತ್ತೆಯಿಂದ ರೈಲು ಹತ್ತಿದ ಮೂವತ್ತು ಸಾವಿರ ಕಾಟ್ಲಾ ಮರಿಗಳು ಹನಗೋಡಿಗೆ ತಲುಪಲು ಐದು ದಿನವಿದೆ. ಅಷ್ಟರಲ್ಲಿ ಹತ್ತು ಗುಂಟೆಯ ಈ ಕೊಳ ಹಸಿರಾಗಬೇಕು.

ರುದ್ರಸ್ವಾಮಿಗೆ ಐವತ್ತೆಂಟು. ಐದು ವರ್ಷದಿಂದ ಅವರ ಕೆಲಸ ನೀರಿಗೆ ಗೊಬ್ಬರ ಹಾಕುವುದು. ಮೊದಲ ಸುತ್ತಿಗೆ ಅರವತ್ತು ಮಂಕರಿ, ಆಮೇಲೆ ನೀರು ಕೇಳಿದಷ್ಟು. ಗೊಬ್ಬರ ಕರಗಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದೆ. ಅದನ್ನು ಚುಕ್ಕೆಯಂಥ ಹುಳುಗಳು ಮೇಯುತ್ತವೆ, ಹುಳುಗಳನ್ನು ಮೀನುಮರಿಗಳು. ಗೊಬ್ಬರ ಕಡಿಮೆಯಾದರೆ ಮರಿಗೆ ಉಪವಾಸ. ಹೆಚ್ಚಾದರೆ ಬೆಳಗಿನ ಜಾವ ಉಸಿರಿಲ್ಲದೆ ಮೇಲೆ ಬಂದು ಬಾಯಿ ಬಿಡುತ್ತವೆ. ಒಂದು ಮೊಳದ ಆಳದಲ್ಲಿ ಅಂಗೈ ಮರೆಯಾದರೆ ಹದ.

"ಒಸ ಮಳೆ ಕೆಂಪು ನೀರಲ್ಲೂ ಅಂಗೈ ಕಾಣಾಕಿಲ್ಲ. ಅದು ಬರೀ ಮಣ್ಣು. ಹೊಟ್ಟೆ ತುಂಬ್ಸಾಕಿಲ್ಲ" ಎಂದು ಅವರು ಎಚ್ಚರಿಸುತ್ತಾರೆ.

ಅವರದು ಮೀನು ಮುಟ್ಟದ ಮನೆ. ಬಿಳಿಕೆರೆಯ ನೆಂಟರು ಹಂಗಿಸಿದಾಗ ಉತ್ತರ ಒಂದೇ: "ಮೇವು ಬೆಳೀತೀನಿ ಕಣ್ರಪ್ಪಾ, ಮೀನಲ್ಲ."

ಮೀನುಗಾರಿಕೆ ಇನ್ಸ್‌ಪೆಕ್ಟರ್ ಅಹಮದ್ ಪಾಷಾ ಒಮ್ಮೆ ಅವರಿಗೆ ಸಮುದ್ರದ ಸಂಗತಿ ಹೇಳಿದ್ದರು. ಮಳೆಗಾಲದಲ್ಲಿ ಮಂಗಳೂರು ಕಡೆ ತಳದ ತಣ್ಣೀರು ಸಾರವನ್ನು ಹೊತ್ತು ಮೇಲೇಳುತ್ತದೆ. ಅದನ್ನುಂಡು ನೀರು ಹಸಿರಾಗುತ್ತದೆ, ಹಿಂದೆಯೇ ಬೂತಾಯಿ ಮೀನಿನ ಹಿಂಡು ಬರುತ್ತದೆ.

"ಅಷ್ಟು ದೊಡ್ಡ ನೀರಿಗೆ ಮಂಕರಿ ಓರೋರು ಯಾರು ಸಾಹೇಬ್ರೆ?"

"ಗಾಳಿ. ನೀರಿನ ಸೆಳವು."

"ಆ ಗಾಳೀನ ಒಂದ್ ವಾರ ಇಲ್ಲಿಗೆ ಕಳ್ಸಿ. ನಾನು ಮಲೀಕತ್ತೀನಿ."

ಕಳೆದ ವರ್ಷ ನಗುವಂತಿರಲಿಲ್ಲ. ಅಂಗೈ ಮರೆಯಾಯಿತೆಂದು ರುದ್ರಸ್ವಾಮಿ ಗೊಬ್ಬರ ನಿಲ್ಲಿಸಿದ್ದರು. ಮರಿ ಬಿಟ್ಟ ವಾರದ ನಂತರ ಬಲೆಯಲ್ಲಿ ಬಂದವುಗಳ ತಲೆ ದಪ್ಪ, ಮೈ ದಾರ. ಹತ್ತರಲ್ಲಿ ಏಳು ಸತ್ತವು. ಅವರು ಮಳೆಯನ್ನು ದೂರಿದರು, ಸಗಣಿಯನ್ನು ದೂರಿದರು. ಮಾಘದ ಒಂದು ಮಧ್ಯಾಹ್ನ ಒಣ ದಡದಲ್ಲಿ ನಿಂತು ಬರಿಗೈ ನೋಡಿಕೊಂಡರು. ಗೆರೆ ಕಾಣಲಿಲ್ಲ. ಮಸುಕಾಗಿದ್ದದ್ದು ನೀರಲ್ಲ, ಕಣ್ಣು.

ಹುಣಸೂರಿನ ಕಚೇರಿಗೆ ನಡೆದುಹೋಗಿ ಅದನ್ನು ತಾವೇ ಪಾಷಾ ಅವರಿಗೆ ಹೇಳಿದರು. "ನೋಡೋರು ಇನ್ನೊಬ್ರು ಇರ್ಲಿ, ರುದ್ರಸ್ವಾಮಿಯೋರೆ. ಆದ್ರೆ ಈ ಸಲಾನೂ ಮರಿ ಉಳೀದಿದ್ರೆ ಈ ಕೊಳಕ್ಕೆ ಮತ್ತೆ ಮರಿ ಬರಲ್ಲ" ಎಂದರು ಪಾಷಾ.

ಅಂದಿನಿಂದ ನೋಡುವವರು ಪುಟ್ಟಮಲ್ಲಮ್ಮ. ಐದನೆಯ ಬೆಳಿಗ್ಗೆ, ರೈಲಿನಿಂದ ಇಳಿಸಿದ ಮರಿಗಳ ಲಾರಿ ಬರುವ ಮೊದಲು, ಅವರು ಮತ್ತೆ ಕೈ ಇಳಿಸುತ್ತಾರೆ. ಗಂಡ ಖಾಲಿ ಮಂಕರಿ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ.

"ಅಂಗೈ ಓಯ್ತು."

"ಬಳೆ?"

"ಕೆಂಪು ಬಳೆ ಮಸ್ಕು ಮಸ್ಕಾಗಿ ಕಾಣ್ತವೆ."

"ಸಾಕು! ಎತ್ತು ಕೈಯ. ಬಳೆನೂ ಮುಚ್ಚೋಗಿದ್ರೆ ಗೊಬ್ಬರ ಜಾಸ್ತಿ ಆಗಿರೋದು. ಐದು ವರ್ಷ ನಂಗೆ ಈ ಅಳತೆ ಇರ್ನಿಲ್ಲ ನೋಡು."

"ತೊಟ್ಕಳಿ, ಒಂದು ಡಜನ್ ತರುಸ್ತೀನಿ."

ಮರಿಗಳ ಡಬ್ಬಗಳನ್ನು ಕೊಳದಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನಷ್ಟೇ ತಣ್ಣಗಾದ ಮೇಲೆ ಮುಚ್ಚಳ ತೆರೆಯುತ್ತಾರೆ. ಮರಿಗಳು ಹಸಿರೊಳಗೆ ಜಾರಿ ಕಾಣೆಯಾಗುತ್ತವೆ. ಇನ್ನು ಏಳು ದಿನ ಕಾಯುವುದು.

ಏಳನೆಯ ದಿನ ಪಾಷಾ ಬಲೆ ಎಳೆಸಿ, ಬಿಳಿ ತಟ್ಟೆಯಲ್ಲಿ ಒಂದಿಷ್ಟು ಮರಿ ಹಾಕುತ್ತಾರೆ. ರುದ್ರಸ್ವಾಮಿಗೆ ತಟ್ಟೆಯಲ್ಲಿ ಏನೋ ಮಿಸುಕುವುದಷ್ಟೇ ಗೊತ್ತಾಗುತ್ತದೆ. ಹೆಂಡತಿಯತ್ತ ತಿರುಗುತ್ತಾರೆ.

"ಮೈ ತುಂಬ್ಕೊಂಡವೆ ಕಣ್ರೀ. ತಲೆ ಈಗ ಮೈಗೆ ತಕ್ಕಂಗದೆ."

ರುದ್ರಸ್ವಾಮಿ ದಡದ ಕಲ್ಲಿನ ಮೇಲೆ ಕೂರುತ್ತಾರೆ. ಭುಜದ ಮೇಲೆ ಮಂಕರಿ ಒತ್ತಿದ ಗುರುತು ಇನ್ನೂ ಕೆಂಪಗಿದೆ. ಪಾಷಾ ಪುಸ್ತಕ ತೆರೆದು ಬರೆಯುತ್ತಾ ಗಟ್ಟಿಯಾಗಿ ಓದುತ್ತಾರೆ: "ಮರಿ ಆರೋಗ್ಯ. ನೀರಿನ ಹದ ಸರಿ. ಅಂಗೈ ಕಾಣದು."

"ಯಾರ ಅಂಗೈ ಅಂತ್ಲೂ ಬರೀರಿ ಸಾಹೇಬ್ರೆ," ಎನ್ನುತ್ತಾರೆ ರುದ್ರಸ್ವಾಮಿ. "ನಂದಲ್ಲ."