ಮಾವನ ಲಾರಿಗೆ ಎರಡನೇ ಗೇರ್ ಬಾಕ್ಸು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮುಖ್ಯ ಪಾಠ ಇದು: ಎದುರಾಳಿಗೆ ಎಷ್ಟು ಗೊತ್ತು ಎಂಬುದು ಲೆಕ್ಕಕ್ಕಿಲ್ಲ, ಅದರಲ್ಲಿ ಎಷ್ಟನ್ನು ಅವನು ಬಾಯಿಬಿಟ್ಟು ಹೇಳಬಲ್ಲ ಎಂಬುದಷ್ಟೇ ಲೆಕ್ಕ. ಇದನ್ನು ವೇದಿಕೆಯ ಮೇಲೆ ಪ್ರಯೋಗಿಸಿದಷ್ಟು ಕಾಲ ಯಾರಿಗೂ ತೊಂದರೆಯಾಗಲಿಲ್ಲ. ಲಾರಿಯ ಕೆಳಗೆ ಪ್ರಯೋಗಿಸಿದಾಗ ಆಯಿತು.

ಎಪ್ಪತ್ತರ ದಶಕದ ನಡುಭಾಗ. ವಿಜಯನಗರದ ಸೋದರಮಾವನ ಮನೆಯಲ್ಲಿದ್ದುಕೊಂಡು ನಾನು ಬಿ.ಎ. ಓದುತ್ತಿದ್ದೆ. ಆ ಕಡೆ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಎಲ್ಲಿ ನೋಡಿದರೂ ಪಾಯ ತೋಡುತ್ತಿದ್ದರು; ಪಾಯಕ್ಕೆ ಸೈಜುಗಲ್ಲು ಬೇಕು; ಕಲ್ಲು ಬ್ಯಾಡರಹಳ್ಳಿಯಾಚೆಯ ಕ್ವಾರಿಯಿಂದ ಬರಬೇಕು. ಈ ತರ್ಕವನ್ನು ನಂಬಿ ಮಾವ ಗಿರಣಿಯ ಗುಮಾಸ್ತಿಕೆ ಬಿಟ್ಟು, ಮಿಲಿಟರಿಯವರು ಹರಾಜು ಹಾಕಿದ್ದ, ನಾಲ್ಕೂ ಚಕ್ರ ಎಳೆಯುವ ಒಂದು ಹಳೇ ಲಾರಿ ಕೊಂಡಿದ್ದರು. ಸೋಮವಾರ ಸೋಮವಾರ ಅತ್ತೆ ಅದರ ಬಾನೆಟ್ಟಿಗೆ ಮೂರು ಪಟ್ಟೆ ವಿಭೂತಿ ಬಳಿಯುತ್ತಿದ್ದರು. ನಾನು ಆಗಲೇ ನಾಸ್ತಿಕನಾಗಿದ್ದೆನಾದರೂ ವಿಭೂತಿ ಹಚ್ಚಿದ ದಿನ ಲಾರಿ ಬೇಗ ಸ್ಟಾರ್ಟ್ ಆಗುತ್ತಿತ್ತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಕಾರಣ, ಸೋಮವಾರ ಬೆಳಿಗ್ಗೆ ಮಾವನೇ ಬ್ಯಾಟರಿಯ ತಂತಿ ಉಜ್ಜುತ್ತಿದ್ದರು. ಇದನ್ನು ಅತ್ತೆಗೆ ವಿವರಿಸಿದಾಗ, "ಹೂಂ, ಅವರಿಗೆ ಉಜ್ಜೋ ಬುದ್ಧಿ ಕೊಟ್ಟೋರ್ ಯಾರು" ಅಂದರು. ಅದು ನಾನು ಆ ಮನೆಯಲ್ಲಿ ಸೋತ ಮೊದಲ ವಾದ.

ಉಳಿದಂತೆ ಮಾವನಿಗೆ ನನ್ನ ಮಾತಿನ ಮೇಲೆ ವಿಪರೀತ ಭರವಸೆ. ನಲ್ಲಿಯ ಕನೆಕ್ಷನ್ ಕೇಳಲು ಕಛೇರಿಗೆ ಹೋಗುವಾಗ, ಸೀಮೆಎಣ್ಣೆ ಡಿಪೋದಲ್ಲಿ ತಕರಾರು ಎದ್ದಾಗ, "ನಮ್ಮ ಹುಡುಗ ಮಾತಾಡ್ತಾನೆ ತಡೀರಿ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದರು. ಡಿಪೋದಲ್ಲಿ ಒಮ್ಮೆ ನಾನು ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ, ಡಿಪೋದವನು ಪೂರ್ತಿ ಒಪ್ಪಿಕೊಳ್ಳುವಷ್ಟರಲ್ಲಿ ಸೀಮೆಎಣ್ಣೆ ಮುಗಿದಿತ್ತು. ಆದರೂ ಮಾವ ಮನೆಗೆ ಬಂದು, "ಬಾಯಿ ಮುಚ್ಚಿಸ್ಬಿಟ್ಟ ಕಣೇ" ಎಂದು ಅತ್ತೆಯ ಮುಂದೆ ಹೊಗಳಿದರು. ಯಾರು ಬಾಯಿ ಮುಚ್ಚಿಸುತ್ತಾರೋ ಅವರ ಮಾತು ನಡೆಯಬೇಕು ಎಂಬುದು ಆ ಮನೆಯ ಕಾನೂನು.

ಕ್ವಾರಿ ಎಂದರೆ ಒಂದು ದೊಡ್ಡ ಗುಂಡಿ. ತಳದಲ್ಲಿ ಕಲ್ಲು ತುಂಬಿಕೊಂಡು, ಪಕ್ಕದ ಗೋಡೆಗೆ ಅಂಟಿಕೊಂಡಂತಿದ್ದ ಕಡಿದಾದ ಏರುದಾರಿಯಲ್ಲಿ ಮೇಲೆ ಬರಬೇಕು. ಒಂದು ಬಾರಿಗೆ ಒಂದೇ ಗಾಡಿ. ಮಾವನ ಲಾರಿ ಅರ್ಧ ಲೋಡಿಗೆ ಹೇಗೋ ಹತ್ತುತ್ತಿತ್ತು. ಪೂರ್ತಿ ಲೋಡು ಹಾಕಿದರೆ ಮೊದಲನೇ ಗೇರಿನಲ್ಲೇ ನಡುದಾರಿಯಲ್ಲಿ ಉಸಿರು ಬಿಟ್ಟು ನಿಲ್ಲುತ್ತಿತ್ತು. ಹಿಂದೆ ಕೆಳಗೆ, ಮುಂದೆ ಮೇಲೆ, ಎಲ್ಲರೂ ಕಾಯಬೇಕು. ಎರಡು ಸಲ ಹೀಗಾದ ಮೇಲೆ ಕ್ವಾರಿಯ ಮೇಸ್ತ್ರಿ ಮಾವನನ್ನು ಪಕ್ಕಕ್ಕೆ ಕರೆದ.

"ಸ್ವಾಮಿ, ಬೇಜಾರ್ ಮಾಡ್ಕೋಬ್ಯಾಡಿ. ಬರೋ ಸೋಮವಾರ ಒಂದ್ ಕಿತ ನೋಡ್ತೀನಿ. ಫುಲ್ ಲೋಡಲ್ಲಿ ಎಲ್ಲೂ ನಿಲ್ದಂಗೆ ಹತ್ತಿದ್ರೆ ನಿಮ್ ಗಾಡಿ ಇರ್ತದೆ. ನಿಂತ್ರೆ, ಮೂಡಲಪಾಳ್ಯದ ಟ್ರ್ಯಾಕ್ಟರ್‌ನೋರು ಕಾಯ್ಕೊಂಡವ್ರೆ."

ಆ ಕ್ವಾರಿ ಬಿಟ್ಟರೆ ಮಾವನಿಗೆ ಬೇರೆ ಕ್ವಾರಿ ಇರಲಿಲ್ಲ. ಗಿರಣಿಯಲ್ಲಿ ಅವರ ಕುರ್ಚಿಯ ಮೇಲೆ ಆಗಲೇ ಬೇರೆಯವರು ಕೂತಿದ್ದರು. ಆ ರಾತ್ರಿ ಮಾವ ಎರಡೇ ಮುದ್ದೆಗೆ ಎದ್ದರು.

ಪರಿಹಾರ ಹೇಳಿದವರು ಮಾಗಡಿ ರಸ್ತೆಯಲ್ಲಿ ಶೆಡ್ ಇಟ್ಟಿದ್ದ ಮೆಕ್ಯಾನಿಕ್. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅರವತ್ತರ ಹತ್ತಿರದ, ಬಹಳ ಕಡಿಮೆ ಮಾತಿನ ಮನುಷ್ಯ. ಅವರ ಉಪಾಯ ಹೀಗಿತ್ತು: ಈಗಿರುವ ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಸಣ್ಣ ಗೇರ್ ಬಾಕ್ಸ್ ಕೂರಿಸುವುದು. ಅದಕ್ಕೆ ಎರಡೇ ಗೇರು. ಒಂದರಲ್ಲಿ ಲಾರಿ ಎಂದಿನಂತೆ ಓಡುತ್ತದೆ. ಇನ್ನೊಂದು 'ಲೋ'. ಅದಕ್ಕೆ ಹಾಕಿದರೆ ವೇಗ ಅರ್ಧವಾಗಿ, ಎಳೆಯುವ ಬಲ ಎರಡರಷ್ಟಾಗುತ್ತದೆ. ಗುಜರಿಯಲ್ಲಿ ಅಂಥದೊಂದು ಬಾಕ್ಸ್ ಹುಡುಕಿ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಇಟ್ಟಿದ್ದರು. ಬುಧವಾರ ಅದನ್ನು ಕೂರಿಸಲು ಶುರು ಮಾಡಿದಾಗ ಮಾವ ನನ್ನನ್ನೂ ಕರೆದೊಯ್ದರು.

ನಾನು ನೋಡಿದ್ದು ಇಷ್ಟು. ಬಾಕ್ಸನ್ನು ಉಸ್ತಾದ್ ಹೇಳುವಂತೆ ಕೂರಿಸಿದರೆ ಅದರ ಬೋಲ್ಟಿನ ತೂತುಗಳು ಲಾರಿಯ ಶಾಫ್ಟಿನ ತೂತುಗಳಿಗೆ ಹೊಂದುವುದಿಲ್ಲ. ನಡುವೆ ಲೇತಿನಲ್ಲಿ ಕಡೆಸಿದ ಬಿಲ್ಲೆ ಬೇಕು. ಮೇಲಾಗಿ ಅದರ ಗೇರ್ ಕಡ್ಡಿ ಡ್ರೈವರ್ ಸೀಟಿನ ಹಿಂದೆಲ್ಲೋ ನೆಲದಲ್ಲಿ ಏಳುತ್ತದೆ. ಅದೇ ಬಾಕ್ಸನ್ನು ಹಿಂದುಮುಂದಾಗಿ ತಿರುಗಿಸಿದರೆ ತೂತುಗಳು ಅಳತೆ ತೆಗೆದು ಮಾಡಿದಂತೆ ಹೊಂದುತ್ತವೆ, ಕಡ್ಡಿ ಮಾವನ ಎಡಗೈಗೇ ಸಿಗುತ್ತದೆ.

"ತಿರುಗಿಸಿ ಹಾಕಿ, ಉಸ್ತಾದ್," ಅಂದೆ.

"ಹಂಗೆ ಆಗಲ್ಲ."

"ಯಾಕೆ ಆಗಲ್ಲ?"

"ಆಗಲ್ಲ ತಮ್ಮಾ. ಇದು ಹಿಂಗೇ ಕೂರೋದು."

"ಅದು ಕಾರಣ ಆಗಲಿಲ್ಲ. ಕಾರಣ ಹೇಳಿ."

ಅವರು ಬಾಕ್ಸನ್ನು ನೋಡಿದರು. ತಮ್ಮ ಕೈಗಳನ್ನು ನೋಡಿಕೊಂಡರು. "ಕೈಗೆ ಗೊತ್ತು," ಅಂದರು.

ನನಗೆ ಇದಕ್ಕಿಂತ ಸುಲಭದ ಎದುರಾಳಿ ಯಾವ ಅಂತರಕಾಲೇಜು ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಎದ್ದು ನಿಂತೆ. "ಒಳಗಿರೋ ಹಲ್ಲುಗಳ ಸಂಖ್ಯೆ ತಿರುಗಿಸಿದ್ರೆ ಬದಲಾಗುತ್ತಾ?"

"ಇಲ್ಲ."

"ಇದು ವೇಗ ಅರ್ಧ ಮಾಡೋದು ಆ ಹಲ್ಲುಗಳ ಲೆಕ್ಕದಿಂದ ತಾನೆ?"

"ಹೌದು."

"ಲೆಕ್ಕ ಅದೇ ಇದ್ದ ಮೇಲೆ ಫಲಿತಾಂಶ ಹೇಗೆ ಬೇರೆ ಆಗುತ್ತೆ? ಒಂದು ಮೊಳ ಬಟ್ಟೇನ ಈ ಕಡೆಯಿಂದ ಅಳೆದರೂ ಮೊಳ, ಆ ಕಡೆಯಿಂದ ಅಳೆದರೂ ಮೊಳ."

ಮಾವ ತೊಡೆ ತಟ್ಟಿದರು. "ಇನ್ನೇನ್ ಉಸ್ತಾದ್, ಹುಡುಗ ಹೇಳೋದು ಸರಿಯಾಗೇ ಇದೆಯಲ್ಲ. ಲೇತಿನ ಕೆಲಸಾನೂ ಉಳೀತು."

"ನಿಮ್ ಗಾಡಿ ಸ್ವಾಮಿ," ಎಂದು ಉಸ್ತಾದ್ ಲಾರಿಯ ಕೆಳಗೆ ಸರಿದರು. ಆಮೇಲೆ ಎರಡು ದಿನ ಅವರು ನನ್ನನ್ನು ತಮ್ಮಾ ಎನ್ನಲಿಲ್ಲ, ಲಾಯರ್ ಸಾಬ್ ಎಂದೇ ಕರೆದರು. ನಾನು ಅದನ್ನು ಗೌರವವೆಂದು ತಿಳಿದಿದ್ದೆ.

ಶನಿವಾರ ಬೆಳಿಗ್ಗೆ ಖಾಲಿ ಲಾರಿಯಲ್ಲಿ ಪರೀಕ್ಷೆ. ಮಾವ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಉಸ್ತಾದ್ ಹಿಂದೆ ಬಾಡಿಯಲ್ಲಿ ಬೀಡಿ ಸೇದುತ್ತ. ಮಾಗಡಿ ರಸ್ತೆಗೆ ಬಂದ ಮೇಲೆ ಮಾವ ಲಾರಿ ನಿಲ್ಲಿಸಿ ಹೊಸ ಕಡ್ಡಿಯನ್ನು ಲೋಗೆ ಹಾಕಿದರು. ಲಾರಿ ಎರಡು ಸಲ ಕೆಮ್ಮಿ, ಒಮ್ಮೆ ಕುಪ್ಪಳಿಸಿ, ಹೊರಟಿತು. ಹೊರಟದ್ದು ನಿಧಾನವಾಗಲೇ ಇಲ್ಲ. ಮೂರನೇ ಗೇರಿಗೆ ಬರುವಷ್ಟರಲ್ಲಿ ನಾವು ಒಂದು ಸಿಟಿ ಬಸ್ಸನ್ನು ಹಿಂದೆ ಹಾಕಿದೆವು. ಕಂಡಕ್ಟರ್ ತಲೆ ಹೊರಗೆ ಹಾಕಿ ನೋಡಿದ.

"ಲೇ, ಏನೋ ಇದು, ಕುದುರೆ ಆಗೋಯ್ತಲ್ಲೋ ನಮ್ ಗಾಡಿ," ಎಂದರು ಮಾವ. ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ.

"ನೋಡಿದ್ರಾ ಮಾವ," ಅಂದೆ. ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ವೇಗ ಅರ್ಧವಾಗಬೇಕಿದ್ದ ಲಾರಿ ಬಸ್ಸನ್ನು ಹಿಂದೆ ಹಾಕಿದಾಗ ತರ್ಕಶಾಸ್ತ್ರದ ವಿದ್ಯಾರ್ಥಿಗೆ ಅನುಮಾನ ಬರಲಿಲ್ಲವೇ? ಬಂತು. ಆದರೆ ಗೆದ್ದವನಿಗೆ ಬರುವ ಅನುಮಾನ ಬಹಳ ಮೆತ್ತಗಿನದು.

ಬ್ಯಾಡರಹಳ್ಳಿಗೆ ಮುಂಚೆ ಒಂದು ದಿಣ್ಣೆ ಇತ್ತು. ಖಾಲಿ ಲಾರಿ ಅದನ್ನು ಹಳೆಯ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿತ್ತು. ಈಗ ಲೋದಲ್ಲಿ ಹತ್ತಿಸಲು ಹೋದರೆ ಎಂಜಿನ್ ಗೊರಗೊರ ಅಂದು ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಸತ್ತಿತು. ಆ ಬಸ್ಸು ನಿಧಾನವಾಗಿ ನಮ್ಮನ್ನು ದಾಟಿ ಹೋಯಿತು. ಕಂಡಕ್ಟರ್ ಮತ್ತೆ ತಲೆ ಹೊರಗೆ ಹಾಕಿದ. ಈ ಸಲ ಕೈ ಬೀಸಿದ.

ಉಸ್ತಾದ್ ಕೆಳಗಿಳಿದು, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನ ಸೈಕಲ್ ತಡೆದು, ಕ್ಯಾನು ಇಳಿಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. "ಲಾಯರ್ ಸಾಬ್, ಪೆಡಲ್ ಒಂದ್ ಸುತ್ತು ತಿರುಗಿಸಿ." ತಿರುಗಿಸಿದೆ. ಹಿಂದಿನ ಚಕ್ರ ಎರಡು ಸುತ್ತಿಗಿಂತ ಹೆಚ್ಚು ಹೋಯಿತು. "ಈಗ ಚಕ್ರ ಹಿಂದಕ್ಕೆ ಎರಡ್ ಸುತ್ತು ತಿರುಗಿಸಿ." ತಿರುಗಿಸಿದೆ. ಪೆಡಲ್ ಒಂದು ಸುತ್ತೂ ಪೂರ್ತಿ ಬರಲಿಲ್ಲ.

"ಹಲ್ಲು ಅವೇ," ಅಂದರು ಉಸ್ತಾದ್. "ಯಾರು ಯಾರನ್ನ ತಿರುಗಿಸ್ತಾರೆ ಅನ್ನೋದು ಬೇರೆ. ಬುಧವಾರ ಹೇಳಕ್ಕೆ ಗೊತ್ತಾಗ್ಲಿಲ್ಲ. ನಿನ್ನೆ ಸಂಜೆ ಪಂಕ್ಚರ್ ಹಾಕೋವಾಗ ಹೊಳೀತು."

"ನಿನ್ನೆನೇ ಹೇಳಬೇಕಿತ್ತಲ್ಲ ಉಸ್ತಾದ್," ಎಂದರು ಮಾವ, ಬಹಳ ಸಣ್ಣ ದನಿಯಲ್ಲಿ.

"ನೀವು ಕೇಳ್ತಿದ್ರಾ ಸ್ವಾಮಿ?"

ನಾನು ಸೈಕಲ್ಲನ್ನು ನೆಟ್ಟಗೆ ಮಾಡಿ ಹಾಲಿನವನಿಗೆ ಕೊಟ್ಟೆ. ಮೊಳದ ಉಪಮೆ ಎಲ್ಲಿ ತಪ್ಪಿತು ಎಂದು ಯೋಚಿಸುತ್ತಿದ್ದೆ ಎಂದರೆ ನಂಬಿ. ಮಾವ ಲಾರಿಯ ಮಡ್‌ಗಾರ್ಡಿನ ಮೇಲೆ ಕೂತು ನೆಲ ನೋಡುತ್ತಿದ್ದರು. ಅವರ ಬಾಯಿ ಮುಚ್ಚಿದ್ದನ್ನು ಕಂಡ ಮೇಲೆ ನನಗೆ ಉಪಮೆ ಬೇಡವಾಯಿತು. "ತಪ್ಪು ನಂದು ಮಾವ," ಅಂದೆ.

"ಸೋಮವಾರಕ್ಕೆ ಒಂದೇ ದಿನ ಇದೆ ಕಣೋ," ಅಂದರು.

ಭಾನುವಾರ ಲೇತಿನ ಅಂಗಡಿಯವನನ್ನು ಉಸ್ತಾದ್ ಮನೆಯಿಂದ ಎಬ್ಬಿಸಿ ತಂದರು. ಬಿಲ್ಲೆ ಕಡೆಸಿ, ಬಾಕ್ಸ್ ಇಳಿಸಿ, ತಿರುಗಿಸಿ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಬಾಕ್ಸನ್ನು ಕೆಳಗಿನಿಂದ ಎದೆಯ ಮೇಲೆ ಹೊತ್ತು ಮಲಗುವ ಕೆಲಸ ನನ್ನದು. ಹಾಗೆ ಮಲಗಿದವನಿಗೆ ವಾದಿಸಲು ಉಸಿರು ಸಾಲದು. ಇದನ್ನು ಎಲ್ಲ ಚರ್ಚಾಪಟುಗಳಿಗೂ ಒಮ್ಮೆ ಮಾಡಿಸಬೇಕು. ಈಗ ಕಡ್ಡಿ ಸೀಟಿನ ಹಿಂದೆ, ನೆಲದಲ್ಲಿ ಕೊರೆದ ತೂತಿನಿಂದ ಎದ್ದಿತು. ಒಳಗಿನ ಹಲ್ಲು ಸವೆದಿದ್ದರಿಂದ ಭಾರ ಬಿದ್ದಾಗ ಲೋ ತಾನಾಗಿ ಬಿಟ್ಟುಕೊಳ್ಳುತ್ತಿತ್ತು.

"ಹತ್ತೋವಾಗ ಯಾರಾದ್ರೂ ಗಟ್ಟಿಯಾಗಿ ಹಿಡ್ಕೊಂಡಿರಬೇಕು," ಎಂದರು ಉಸ್ತಾದ್. ಎಲ್ಲರೂ ನನ್ನನ್ನು ನೋಡಿದರು.

ಹಾಗಾಗಿ ಸೋಮವಾರದ ಆ ಏರನ್ನು ನಾನು ಕಂಡವನಲ್ಲ. ಗೋಣಿಚೀಲದ ಮೇಲೆ ಮಂಡಿಯೂರಿ, ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಕೊಟ್ಟು ಒತ್ತಿಕೊಂಡಿದ್ದೆ. ನನಗೆ ಕಾಣುತ್ತಿದ್ದದ್ದು ತೂತಿನ ಕೆಳಗಿನ ನೆಲ ಮಾತ್ರ. ಲಾರಿ ಏರತೊಡಗಿತು. ತೂತಿನ ಮುಂದಿನ ಅಂಚಿನಲ್ಲಿ ಒಂದು ಬೀಡಿ ತುಂಡು ಕಾಣಿಸಿಕೊಂಡಿತು. ಅದು ಹಿಂದಿನ ಅಂಚಿಗೆ ಹೋಗಿ ಮರೆಯಾಗುವಷ್ಟರಲ್ಲಿ ನಾನೊಂದು ಭಾಷಣದ ಪೀಠಿಕೆ ಮುಗಿಸಬಹುದಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ನಮ್ಮನ್ನು ದಾಟಿ ಮಾತಾಡಿಕೊಂಡು ಹೋದರಂತೆ. ಮೇಸ್ತ್ರಿ ಕಿಟಕಿಯ ಪಕ್ಕದಲ್ಲೇ ನಡೆದು ಬರುತ್ತಿದ್ದ.

"ಸ್ವಾಮಿ, ಇದು ಹೋಯ್ತಾ ಐತಾ, ನಿಂತೈತಾ?"

"ಹೋಗ್ತಾ ಇದೆ ಮೇಸ್ತ್ರಿ, ಚಕ್ರ ನೋಡಿ."

"ನೋಡ್ತಾನೇ ಇವ್ನಿ. ನನ್ ಕಣ್ಣಿಗೆ ನಿಂತಂಗೇ ಕಾಣ್ತದೆ. ಇದು ನಿಂತಂಗೇ ಲೆಕ್ಕ ಬುಡಿ."

ಇಂಥ ಕಳಪೆ ವಾದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಿಧಾನ ಎಂಬುದು ನಿಲುಗಡೆಯಲ್ಲ, ಅದು ಚಲನೆಯ ಒಂದು ಪ್ರಮಾಣ. ಅವನ ಷರತ್ತಿನಲ್ಲಿ ವೇಗದ ಮಾತೇ ಇರಲಿಲ್ಲ. ಎರಡು ವಾಕ್ಯ ಸಾಕಿತ್ತು. ಬಾಯಿ ತೆರೆದೆ. ಗಮನ ಅತ್ತ ಹೋದ ಕ್ಷಣಕ್ಕೆ ಕಡ್ಡಿ ಅಂಗೈಯಲ್ಲಿ ಒದ್ದುಕೊಂಡು ಹೊರಬರಲು ನೋಡಿತು. ಹಲ್ಲು ಕಚ್ಚಿ ಮತ್ತೆ ಒತ್ತಿದೆ. ಆ ಎರಡು ವಾಕ್ಯಗಳು ಅಲ್ಲೇ ಉಳಿದವು.

ಹೊರಗೆ ಉಸ್ತಾದರ ಹೆಜ್ಜೆ ಕೇಳಿತು. ಬಗ್ಗಿ ಒಂದು ಜಲ್ಲಿ ಚೂರು ಹೆಕ್ಕಿ ಮುಂಚಕ್ರದ ಎದುರು ಇಟ್ಟರಂತೆ. ಮೇಸ್ತ್ರಿಯೂ ಬಗ್ಗಿ ನೋಡಿದನಂತೆ. ಸ್ವಲ್ಪ ಹೊತ್ತಿನ ಮೇಲೆ ಕರಕ್ ಎಂಬ ಸದ್ದು ನನಗೂ ಕೇಳಿಸಿತು.

"ನಿಂತಿದ್ರೆ ಪುಡಿ ಆಗ್ತಿರಲಿಲ್ಲ," ಎಂದರು ಉಸ್ತಾದ್.

ಮೇಸ್ತ್ರಿ ಏರಿನ ಕೊನೆಯವರೆಗೂ ಪಕ್ಕದಲ್ಲೇ ನಡೆದು ಬಂದ. ಆಮೇಲೆ, "ಸರಿ ಬುಡಿ ಸ್ವಾಮಿ, ಇರ್ಲಿ ನಿಮ್ ಗಾಡಿ," ಎಂದ. "ಆದ್ರೆ ಯಾವತ್ತಾದ್ರೂ ನಿಂತ್ರೆ ಅವತ್ತೇ ಕೊನೆ."

"ಬಿಡೋ ಕಡ್ಡೀನ, ಮೇಲೆ ಬಂದಾಯ್ತು," ಎಂದು ಮಾವ ಹೇಳಿದರೂ ಎಂಜಿನ್ ಆರಿಸುವವರೆಗೆ ನಾನು ಬಿಡಲಿಲ್ಲ. ಬೆರಳು ಬಿಡಿಸಿಕೊಳ್ಳಲೂ ಬರುತ್ತಿರಲಿಲ್ಲ. ಮಾವ ಕೆಳಗಿಳಿದು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಉಸ್ತಾದ್ ಮಾತ್ರ ಲಾರಿಯ ಕೆಳಗೆ ಹೋಗಿ, ಬೆರಳ ತುದಿಯಲ್ಲಿ ಕಪ್ಪು ಎಣ್ಣೆಯ ಹನಿ ತಂದು ನನಗೆ ತೋರಿಸಿದರು. ಹಳೇ ಬಾಕ್ಸು, ಸೀಲು ಸೋರುತ್ತಿತ್ತು. ಎಣ್ಣೆ ಕಡಿಮೆಯಾದರೆ ಹಲ್ಲು ಇನ್ನಷ್ಟು ಸವೆಯುತ್ತದೆ, ಸವೆದರೆ ಕಡ್ಡಿ ನಿಲ್ಲುವುದಿಲ್ಲ, ಕಡ್ಡಿ ನಿಲ್ಲದಿದ್ದರೆ ಲಾರಿ ನಿಲ್ಲುತ್ತದೆ. ಈ ತರ್ಕದಲ್ಲಿ ನನಗೆ ಯಾವ ಬಿರುಕೂ ಕಾಣಲಿಲ್ಲ.

ಅಂದಿನಿಂದ ಭಾನುವಾರಗಳು ನನ್ನ ಪಾಲಿಗೆ ಬಂದವು. ಲಾರಿಯ ಕೆಳಗೆ ತೂರಿ, ಬಾಕ್ಸನ್ನು ಹಿಡಿದಿರುವ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಬೇಕು. ಪಕ್ಕದ ಬಿರಡೆ ಬಿಚ್ಚಿ ಬೆರಳು ಹಾಕಬೇಕು. ಬೆರಳಿಗೆ ಎಣ್ಣೆ ತಾಗಿದರೆ ಸರಿ, ತಾಗದಿದ್ದರೆ ತಾಗುವವರೆಗೆ ಹಾಕಬೇಕು. ಆ ಎಣ್ಣೆಯ ವಾಸನೆ ಸೋಪಿಗೆ ಬಗ್ಗುವುದಿಲ್ಲ. ಅತ್ತೆ ಭಾನುವಾರ ನನ್ನ ತಟ್ಟೆಯನ್ನು ಒಂದು ಮೊಳ ದೂರವೇ ಇಡುತ್ತಿದ್ದರು.

ಪರೀಕ್ಷೆಗೆ ಮುಂಚಿನ ಒಂದು ಭಾನುವಾರ ನಾನು ಹೋಗಲು ಒಪ್ಪಲಿಲ್ಲ. ಉಸ್ತಾದ್ ಯಾವುದೋ ಕೆಲಸಕ್ಕೆ ಮನೆಗೆ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಮುಂದೆಯೇ ನನ್ನ ವಾದ ಮಂಡಿಸಿದೆ: ಈ ವಾರ ಲಾರಿ ನಾಲ್ಕೇ ದಿನ ಓಡಿದೆ; ಹೋದ ವಾರ ಆರು ದಿನ ಓಡಿಯೂ ಎಣ್ಣೆ ಇಳಿದಿರಲಿಲ್ಲ; ಆದ್ದರಿಂದ ಈ ವಾರ ಇಳಿದಿರುವುದು ಅಸಾಧ್ಯ. ಮಾವ ಉಸ್ತಾದರ ಮುಖ ನೋಡಿದರು.

"ಸರಿ ಇದೆ. ನೀವೇ ಗೆದ್ರಿ," ಎಂದರು ಉಸ್ತಾದ್, ಲೋಟ ಕೆಳಗಿಡುತ್ತ. "ಈಗ ಕೆಳಗೆ ಹೋಗಿ ನೋಡಿ ಬನ್ನಿ."

ಪುಸ್ತಕ ಮಗುಚಿಟ್ಟು ಹೋದೆ. ಬಿರಡೆ ಬಿಚ್ಚಿ ಬೆರಳು ಹಾಕಿದೆ. ಒಣಗಿಯೇ ಹೊರಬಂತು. ನನ್ನ ವಾದದಲ್ಲಿ ಎಲ್ಲಿ ತಪ್ಪಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಧ ಲೀಟರ್ ಹಿಡಿಯಿತು. ಮಾರನೇ ದಿನ ಲಾರಿ ಹತ್ತಿತು.